ಹೊಸ ಚೈನು, ಖಾಲಿ ಸೀಟು

ಇಂಥವು ನನಗೇ ಯಾಕೆ ಆಗುತ್ತವೋ ಗೊತ್ತಿಲ್ಲ, ಆದರೆ ಆಗುತ್ತಲೇ ಇರುತ್ತವೆ. ನಮ್ಮ ಓಣಿಯಲ್ಲಿ ಮನೆಗೊಂದು ಬೈಕಿದೆ. ಎಲ್ಲರ ಬೈಕಿಗೂ ಚೈನಿದೆ, ಎಲ್ಲರ ಚೈನೂ ಸವೆಯುತ್ತದೆ. ಅವರು ಒಂದು ದಿನ ಗ್ಯಾರೇಜಿಗೆ ಹೋಗಿ, ಚಹಾ ಕುಡಿಯುವಷ್ಟರಲ್ಲಿ ಬದಲಿಸಿಕೊಂಡು ಬರುತ್ತಾರೆ. ನಾನು ಮುಟ್ಟಿದ್ದು ಮಾತ್ರ ಕತೆಯಾಗಿ ಓಣಿ ತಿರುಗುತ್ತದೆ.

ನಾನು ಇಳಕಲ್ಲಿನವನು. ಪಶು ಇಲಾಖೆಯಲ್ಲಿ ಕೆಲಸ. ದನಕರು, ಕುರಿಗಳಿಗೆ ಸೂಜಿ ಮಾಡುತ್ತ ಹಳ್ಳಿ ಹಳ್ಳಿ ತಿರುಗುತ್ತೇನೆ. ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನವನು. ಆದರೂ ಹಳ್ಳಿಯವರು ‘ಡಾಕ್ಟ್ರ’ ಎಂದೇ ಕರೆಯುತ್ತಾರೆ, ನಾನೂ ತಿದ್ದಲು ಹೋಗಿಲ್ಲ. ನನಗಿರುವುದು ಒಂದೇ ಚಟ. ಬೈಕು ಊರು ದಾಟಿದ ಕೂಡಲೇ ನನ್ನ ಮನಸ್ಸು ಬೇರೆ ದಾರಿ ಹಿಡಿಯುತ್ತದೆ. ಎರಡೂ ಕಡೆ ಬಿಳಿಜೋಳ, ಸೂರ್ಯಕಾಂತಿ, ದೂರದಲ್ಲಿ ಕೆಂಪು ಗುಡ್ಡ, ಮುಖಕ್ಕೆ ಬೆಚ್ಚನೆ ಗಾಳಿ. ಬೈಕು ಗುಡೂರಿಗೆ ಹೋಗಿ ನಿಂತಿರುತ್ತದೆ, ನಾನು ಇನ್ನೂ ಎಲ್ಲೋ ಇರುತ್ತೇನೆ.

ಈ ಕತೆಗಳು ಶುರುವಾಗುವ ಹೊತ್ತಿಗೆ ನನ್ನ ಬೈಕಿನ ಹಿಂದಿನ ಸೀಟು ಖಾಲಿಯಾಗಿ ಎಂಟು ತಿಂಗಳಾಗಿತ್ತು. ಗುಡೂರಿನಿಂದ ಬರುವಾಗ ಹೆಂಡತಿಯ ಸೀರೆಯ ಸೆರಗು ಚೈನಿಗೆ ಸಿಕ್ಕಿ ಹರಿದಿತ್ತು. ಸೀರೆ ಅಂದರೆ ಅಂಥಿಂಥ ಸೀರೆಯಲ್ಲ. ಅವಳ ಅಪ್ಪ ಮಗ್ಗದಿಂದ ಏಳುವ ಮೊದಲು ಕಡೆಯದಾಗಿ ನೇಯ್ದ ಇಳಕಲ್ ಸೀರೆ. ಅವಳು ಬೈಯಲಿಲ್ಲ, ಅಳಲಿಲ್ಲ. ಚೈನಿನಿಂದ ಸೆರಗು ಬಿಡಿಸಿಕೊಂಡಳು, ರಸ್ತೆ ಬದಿಗೆ ಹೋಗಿ ನಿಂತು ಬಸ್ಸಿಗೆ ಕೈ ಮಾಡಿದಳು. ಅವತ್ತಿನಿಂದ ಎಲ್ಲಿಗೆ ಹೊರಟರೂ ‘ನಾ ಬಸ್ಸಿಗೆ ಬರ್ತೇನಿ’ ಎಂಬುದೊಂದೇ ಮಾತು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಸಿಟ್ಟಾದ ಹೆಂಡತಿಯನ್ನು ಗಾಡಿ ಹತ್ತಿಸುವುದು ಗಂಡಸಿನ ಕೈಯಲ್ಲಿ ಉಳಿದಿಲ್ಲ.

ನನಗೆ ಆ ಖಾಲಿ ಸೀಟು ಭಾಳ ಕಾಡಿತು. ಹಿಂದಿನ ಗಾಡಿಯೂ ಸೇರಿ ಇಪ್ಪತ್ತು ವರ್ಷ ನನ್ನ ಬಲಗಡೆ ಹೆಗಲ ಮೇಲೆ ಒಂದು ಕೈ ಇರುತ್ತಿತ್ತು. ಅದಿಲ್ಲದೆ ಗಾಡಿ ಹಗುರಾಗಿ, ಸಣ್ಣ ಗುಂಡಿಗೂ ಎಗರುತ್ತಿತ್ತು. ಅವಳನ್ನು ಮತ್ತೆ ಹಿಂದೆ ಕೂರಿಸಿಕೊಳ್ಳಬೇಕು ಅನ್ನುವುದೇ ನನ್ನ ಆಸೆ. ಉಳಿದದ್ದೆಲ್ಲ ಅದಕ್ಕಾಗಿ ಪಟ್ಟ ಪಾಡು.

೧. ಕುರಿಗಳ ನಡುವೆ ಸವಾರಿ

ಸೀರೆ ಹರಿದ ಮೇಲೂ ನಾನು ಆ ಚೈನನ್ನೇ ಓಡಿಸುತ್ತಿದ್ದೆ. ಅದು ಜೋತುಬಿದ್ದು, ಮೂರು ವರ್ಷದಿಂದ ಕಿರಿಕಿರಿ ಖಟಖಟ ಎಂದು ಓಣಿಗೆಲ್ಲ ನನ್ನ ಬರವು ಸಾರುತ್ತಿತ್ತು. ಬಿಗಿ ಮಾಡಿಸೋಣ ಎಂದುಕೊಳ್ಳುವಷ್ಟರಲ್ಲಿ ಊರು ದಾಟಿರುತ್ತಿದ್ದೆ. ಊರು ದಾಟಿದ ಮೇಲೆ ನನಗೆ ಚೈನು ನೆನಪಿರುವುದಿಲ್ಲ.

ಒಂದು ಮುಂಜಾನೆ ಗುಡೂರಿನ ಈಚೆ ದೊಡ್ಡ ಕುರಿಹಿಂಡು ಎದುರಾಯಿತು. ಹಿಂಡು ಬಂದರೆ ನಾವು ಮಾಡುವುದು ಗೊತ್ತಲ್ಲ. ಗಾಡಿ ನಿಧಾನ ಮಾಡಿ, ಎರಡೂ ಕಾಲು ನೆಲಕ್ಕೆ ಬಿಟ್ಟು, ಹಾರ್ನು ಹೊಡೆಯುತ್ತ ಕುರಿಗಳ ನಡುವೆ ತೂರಿಕೊಂಡು ಹೋಗುವುದು. ನಾನೂ ಹಾಗೆಯೇ ಹೊರಟೆ. ಎಡಕ್ಕೂ ಬಲಕ್ಕೂ ಬರೀ ಬೆನ್ನುಗಳು, ಕರಿ ಬೆನ್ನು, ಬಿಳಿ ಬೆನ್ನು, ಎಲ್ಲ ಹಿಂದಕ್ಕೆ ಹಿಂದಕ್ಕೆ ಹರಿಯುತ್ತಿವೆ. ಎಳೆಬಿಸಿಲಿಗೆ ಎದ್ದ ಧೂಳು ಬಂಗಾರದ ಬಣ್ಣಕ್ಕೆ ತಿರುಗಿದೆ. ನಾನು ಉಣ್ಣೆಯ ಹೊಳೆಯೊಂದರಲ್ಲಿ ತೇಲಿಕೊಂಡು ಮೇಲಕ್ಕೆ ಹೋಗುತ್ತಿದ್ದೇನೆ ಅನ್ನಿಸಿತು. ಎಂಥ ಹಗುರ ಸವಾರಿ. ಇಷ್ಟು ದಿನ ಕಿರುಗುಡುತ್ತಿದ್ದ ಚೈನು ಕೂಡ ಸುಮ್ಮನಾಗಿದೆ. ಇಂಜಿನ್ನು ಗುಂಯ್ಗುಡುತ್ತಿದೆ, ನಾನು ಮೆಲ್ಲಗೆ ಹಾರ್ನು ಒತ್ತುತ್ತ ಹೋಗುತ್ತಲೇ ಇದ್ದೇನೆ.

ಹಿಂಡು ಮುಗಿಯಿತು. ಕಡೆಯ ಮರಿಯೂ ದಾಟಿತು. ಆಗ ನೋಡುತ್ತೇನೆ, ರಸ್ತೆ ನಿಂತುಬಿಟ್ಟಿದೆ. ಪಕ್ಕದ ಜಾಲಿಗಿಡ ಎಲ್ಲಿತ್ತೋ ಅಲ್ಲೇ ಇದೆ.

ಹಿಂಡಿನ ಹಿಂದೆ ಹೆಗಲಿಗೆ ಕಂಬಳಿ, ಹಣೆತುಂಬ ಬೀರಪ್ಪನ ಭಂಡಾರ ಹಚ್ಚಿಕೊಂಡ ಮುದುಕನೊಬ್ಬ ಬಂದ. ಹಿಂದಿನ ಮಳೆಗಾಲದಲ್ಲಿ ಅವನ ಕುರಿಗಳಿಗೆಲ್ಲ ಸೂಜಿ ಮಾಡಿದವನು ನಾನೇ. ನನ್ನನ್ನು ಸುತ್ತುಹಾಕಿ, ಬಗ್ಗಿ ಗಾಡಿಯ ಅಡಿ ನೋಡಿದ. ಚೈನು ಕಳಚಿ ನೆಲಕ್ಕೆ ಬಿದ್ದು ಹಾವಿನಂತೆ ಮಲಗಿತ್ತು.

“ಡಾಕ್ಟ್ರ,” ಅಂದ ಬಲು ಮರ್ಯಾದೆಯಿಂದ, “ನೀವು ಆವಾಗಿಂದ ಇಲ್ಲೇ ಅದೀರಿ. ಹೋಗವರು ನಾವು. ಮತ್ತ ಹಾರ್ನ್ ನೀವ್ಯಾಕ ಹೊಡೀತೀರಿ?”

೨. ಅಂಗಡಿಯಲ್ಲಿ ಲೆಕ್ಕದ ಪರೀಕ್ಷೆ

ಅವತ್ತು ಗಾಡಿ ತಳ್ಳಿಕೊಂಡು ಬರುವಾಗಲೇ ನಿಶ್ಚಯ ಮಾಡಿದೆ. ಚೈನು, ಹಿಂದು ಮುಂದಿನ ಎರಡೂ ಹಲ್ಲುಚಕ್ರ, ಮುರಿದುಹೋದ ಚೈನ್ ಕವರು ಎಲ್ಲ ಹೊಸತು ಹಾಕಬೇಕು, ಅದನ್ನೂ ಗ್ಯಾರೇಜಿನಲ್ಲಲ್ಲ, ಮನೆ ಅಂಗಳದಲ್ಲಿ, ಅವಳ ಕಣ್ಣೆದುರಿಗೆ, ನನ್ನ ಕೈಯಿಂದಲೇ. ಮುಂದಿನ ವಾರ ಕುಳಗೇರಿ ಕ್ರಾಸಿನಲ್ಲಿ ಅವಳ ಅಕ್ಕನ ಮಗಳ ಕುಬಸವಿತ್ತು. ಬಸುರಿಗೆ ಹಸಿರು ಬಳೆ ಇಡಿಸಿ ಆರತಿ ಮಾಡುವ ಆ ಕಾರ್ಯಕ್ಕೆ ಅವಳು ಹೋಗದೆ ಇರುವವಳಲ್ಲ. ಅದಕ್ಕೆ ಅವಳನ್ನು ಬೈಕಿನ ಮೇಲೆ ಕರೆದುಕೊಂಡು ಹೋಗಬೇಕು ಅಂತ ನನ್ನ ಲೆಕ್ಕ.

“ಚೈನ್ ನಾನೇ ಬದಲಿ ಮಾಡ್ತೇನಿ, ಆಮ್ಯಾಲೆರ ಗಾಡಿ ಹತ್ತತೀ ಇಲ್ಲೋ?” ಎಂದು ಕೇಳಿದೆ.

“ಮೊದಲ ಮಾಡ್ರಿ, ನೋಡೂಣು,” ಅಂದಳು ರೊಟ್ಟಿ ಬಡಿಯುತ್ತ.

ಗಾಡಿ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯವನು ಗಾಡಿಯ ಹೆಸರು ಕೇಳಿದ, ಹೇಳಿದೆ. “ಇದರಾಗ ಎರಡು ನಮೂನಿ ಬರ್ತಾವ. ನಿಮ್ಮ ಹಿಂದಿನ ಚಕ್ರಕ್ಕ ಹಲ್ಲು ಎಷ್ಟದಾವ?” ಎಂದ.

ಹನ್ನೊಂದು ವರ್ಷದಿಂದ ಓಡಿಸುತ್ತಿರುವ ಗಾಡಿ. ಅದರ ಹಲ್ಲು ಎಣಿಸಿದವನು ಯಾರಿದ್ದಾನೆ? ಗಾಡಿ ಮನೆಯಲ್ಲಿತ್ತು, ನಾನು ಅಂಗಡಿಯಲ್ಲಿ. ಹೆಂಡತಿಗೆ ಫೋನು ಮಾಡಿದೆ. ಎಣಿಸುತ್ತೇನೆ, ಫೋನು ಇಡಬೇಡಿ ಅಂದಳು.

ನಾನು ಕಾಯುತ್ತ ನಿಂತೆ. ಅವಳು ಎಣಿಸುವುದನ್ನು ಮನಸ್ಸಿನಲ್ಲೇ ನೋಡಿದೆ. ಸಣ್ಣವಳಿದ್ದಾಗ ಅಪ್ಪನ ಮಗ್ಗದ ಪಕ್ಕ ಕೂತು ಎಳೆ ಎಣಿಸಿದ ಬೆರಳು. ನೂರಾರು ಎಳೆ, ಒಂದೂ ತಪ್ಪದಂತೆ. ಕೆಂಪು ರೇಷ್ಮೆ, ನೀಲಿ ನೂಲು, ಲಾಳಿ ಆ ಕಡೆ, ಲಾಳಿ ಈ ಕಡೆ. ಹೀಗೆ ನಾನು ಆ ಮಗ್ಗದ ಮನೆಯೊಳಗೇ ಹೋಗಿ ಕೂತುಬಿಟ್ಟೆ. ಅಂಗಡಿಯವನು ನನ್ನ ಕೈಯಲ್ಲಿದ್ದ ಫೋನು ತಾನೇ ತೆಗೆದುಕೊಂಡು ಮಾತಾಡಿದ್ದು ನನಗೆ ಗೊತ್ತೇ ಆಗಲಿಲ್ಲ.

ಫೋನಿನಲ್ಲಿ ಅವಳು ಹೇಳಿದ್ದು ಇಷ್ಟು ಎಂದು ಆಮೇಲೆ ತಿಳಿಯಿತು: “ಮೊದಲನೇ ಹಲ್ಲಿಗೆ ಕುಂಕುಮ ಹಚ್ಚಿ ಶುರು ಮಾಡೇನ್ರಿ. ಕುಂಕುಮ ಮತ್ತ ಬರೂತನ ನಲವತ್ತೆರಡು. ಎರಡು ಸರ್ತಿ ಎಣಿಸೇನಿ. ನಡುವ ಮೂರು ಹಲ್ಲು ಮೊಂಡಾಗ್ಯಾವ. ಚೈನಿನ ಕೊಂಡೀನೂ ಎಣಿಸೇನಿ, ಬೇಕೇನ್ರಿ?”

ಅಂಗಡಿಯವನು ಸೆಟ್ಟು ತೆಗೆದು ಕೊಟ್ಟ. ನನ್ನ ಮುಖವನ್ನು ಒಂದು ಗಳಿಗೆ ನೋಡಿದ. “ಮುಂದಿನ ಸರ್ತಿ ಅಕ್ಕಾರನ್ನ ಅಂಗಡಿಗೆ ಕಳಸ್ರಿ ಸರ. ನೀವು ಮನ್ಯಾಗಿದ್ದು ಫೋನ್ ಹಿಡಕೋರ್ರಿ.”

೩. ಎಲ್ಲ ಸ್ಟಾಪಿಗೂ ನಿಲ್ಲುವ ಬಸ್ಸು

ಭಾನುವಾರ ಮುಂಜಾನೆ ಅಂಗಳದಲ್ಲಿ ಗೋಣಿಚೀಲ ಹಾಸಿ ಬೋಲ್ಟು ಬಿಚ್ಚುವ ಪಾನಾಗಳನ್ನು ಸಾಲಾಗಿ ಇಟ್ಟೆ. ಗಾಡಿಯನ್ನು ದೊಡ್ಡ ಸ್ಟ್ಯಾಂಡಿಗೆ ಹಾಕಿ, ಕಳಚಿದ್ದ ಹಳೇ ಚೈನನ್ನು ಸದ್ಯಕ್ಕೆ ಮತ್ತೆ ಹಲ್ಲಿಗೆ ಏರಿಸಿದೆ. ನಮ್ಮ ಕಡೆ ಒಬ್ಬ ಗಂಡಸು ಮನೆ ಮುಂದೆ ಗಾಡಿ ಬಿಚ್ಚಿದರೆ ಓಣಿಗೆಲ್ಲ ಅದು ಸಾರ್ವಜನಿಕ ಕೆಲಸ. ಹೋಗುವವರು ಬರುವವರು ನಿಂತು, “ಅದನ್ನಲ್ಲ, ಇದನ್ನ ಮೊದಲ ಬಿಚ್ಚರಿ” ಅನ್ನದೆ ಮುಂದೆ ಹೋಗುವುದಿಲ್ಲ. ಅವರಲ್ಲಿ ಎದುರು ಮನೆಯ ಡ್ರೈವರ್ ಕಾಕಾ ಮಾತ್ರ ಊರುಗೋಲು ಊರಿಕೊಂಡು ಬಂದು, ಕುರ್ಚಿ ಹಾಕಿಸಿಕೊಂಡು ಕೂತರು. ಇಳಕಲ್ಲಿನಿಂದ ಬಾಗಲಕೋಟೆಗೆ ಬಸ್ಸು ಓಡಿಸಿ ರಿಟೈರಾದವರು.

ಮುಂದಿನ ಸಣ್ಣ ಚಕ್ರದ ಬೋಲ್ಟು ಬಿಚ್ಚಬೇಕಾದರೆ ಒಬ್ಬರು ಹಿಂದಿನ ಬ್ರೇಕು ಒತ್ತಿ ಹಿಡಿಯಲೇಬೇಕು. ಇಲ್ಲದಿದ್ದರೆ ಬೋಲ್ಟಿನ ಜೊತೆ ಚಕ್ರವೂ ತಿರುಗುತ್ತದೆ. ಕಾಕಾ ತಾವೇ ಎದ್ದರು. “ಬ್ರೇಕ್ ನನಗ ಬಿಡು. ಜೀವಮಾನ ಅದನ್ನ ಒತ್ತೇನಿ,” ಎಂದು ಸೀಟಿನ ಮೇಲೆ ಕೂತು, ಎರಡೂ ಕೈಯಿಂದ ಹ್ಯಾಂಡಲ್ ಹಿಡಿದು, ಪೆಡಲಿನ ಮೇಲೆ ಕಾಲಿಟ್ಟರು.

ಒಂದು ಬೋಲ್ಟಿಗೆ ಪಾನಾ ಹಾಕಿ ಜಗ್ಗಿದೆ. ಸಡಿಲಾಗುತ್ತ ಬಂತು. ಅಷ್ಟರಲ್ಲಿ ಚಕ್ರ ಗರ್ರನೆ ತಿರುಗಿ ಪಾನಾ ಕೈಜಾರಿತು. ತಲೆಯೆತ್ತಿ ನೋಡಿದರೆ ಕಾಕಾ ಕಣ್ಣು ಮುಚ್ಚಿದ್ದಾರೆ. ಬಿಸಿಲು ಮುಖದ ಮೇಲೆ ಬಿದ್ದಿದೆ. ಕೈ ಹ್ಯಾಂಡಲನ್ನು ಮೆಲ್ಲಗೆ ಎಡಕ್ಕೆ ತಿರುಗಿಸುತ್ತಿದೆ.

“ಕಾಕಾ, ಬ್ರೇಕ್,” ಅಂದೆ.

“ಈಗ ಹೆಂಗ ಬ್ರೇಕ್ ಹಾಕಲಿ? ಈಗರ ಹುನಗುಂದ ಬಿಟ್ಟೇನಿ. ಮುಂದ ಇಳಕಲೈತಿ,” ಅಂದರು ಕಣ್ಣು ತೆರೆಯದೆ. ಇಳಕಲ್ಲೆಂದರೆ ಊರಲ್ಲ, ರಸ್ತೆಯ ಇಳುಕಲು ಎಂದು ತಾವೇ ಬಿಡಿಸಿ ಹೇಳಿದರು.

ನಾನು ಪಾನಾ ಹಿಡಿದು ಕಾದೆ. ಅವರ ಮುಖ ನೋಡುತ್ತ ಕೂತೆ. ಎಷ್ಟು ನೆಮ್ಮದಿಯ ಮುಖ. ಅವರ ಕಣ್ಣೊಳಗೆ ಕಬ್ಬಿನ ಗದ್ದೆ, ಬೇವಿನ ಸಾಲು, ಬಸ್ಸಿಗೆ ಕೈ ಮಾಡುವ ಹೆಂಗಸರು ಎಲ್ಲ ದಾಟುತ್ತಿರಬೇಕು. ಎಬ್ಬಿಸಲು ಮನಸ್ಸಾಗಲಿಲ್ಲ. ನಾನೂ ಒಂದು ಸೀಟು ಹಿಡಿದು ಅವರ ಬಸ್ಸಿನಲ್ಲೇ ಕೂತೆ ಅನ್ನಿ. ಸ್ವಲ್ಪ ಹೊತ್ತಿಗೆ “ಅಮೀನಗಡ” ಎಂದು ಗೊಣಗಿ ಕಾಕಾ ಬ್ರೇಕು ಒತ್ತಿದರು. ನಾನು ಎಚ್ಚೆತ್ತು ಗಬಕ್ಕನೆ ಪಾನಾ ಹಾಕಿದೆ. ಒಂದು ಬೋಲ್ಟು ಬಂತು. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಬಸ್ಸು ಹೊರಟಿತ್ತು.

ಬಾಗಲಕೋಟೆ ಇನ್ನೂ ಬಹಳ ದೂರವಿದೆ. ನಾನು ಅವರ ಮೊಣಕಾಲು ಮುಟ್ಟಿ ಕೇಳಿಕೊಂಡೆ.

“ಕಾಕಾ, ನಿಮ್ಮ ಕಾಲಿಗೆ ಬೀಳ್ತೇನಿ. ಇದು ಎಕ್ಸ್‌ಪ್ರೆಸ್ ಬ್ಯಾಡ್ರಿ, ಎಲ್ಲಾ ಹಳ್ಳಿಗೂ ನಿಲ್ಲೂ ಬಸ್ಸು ಮಾಡ್ರಿ.”

೪. ಚೈನಿನ ಮಜ್ಜನ

ಹಳೇ ಚೈನು, ಹಳೇ ಚಕ್ರ ಬಿಚ್ಚಿ ಬದಿಗಿಟ್ಟೆ. ಹಿಂದಿನ ಗಾಲಿಯನ್ನೂ ತೆಗೆದು ಹೊಸ ಚಕ್ರ ಕೂರಿಸಿದೆ. ಇನ್ನು ಹೊಸ ಚೈನು ಹಾಕಬೇಕು. ನೋಡಿದರೆ ಡಬ್ಬಿ ಖಾಲಿ.

ಅವತ್ತು ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆ ಅಂದರೆ ಗಾಡಿಗಳ ಪೂಜೆ. ಲಾರಿಯಿಂದ ಹಿಡಿದು ಸೈಕಲ್ಲಿನವರೆಗೆ ಎಲ್ಲಕ್ಕೂ ಸ್ನಾನ, ವಿಭೂತಿ, ಕಾಯಿ. ಈ ಕೆಲಸ ನಮ್ಮ ಮನೆಯಲ್ಲಿ ಅವ್ವನದು. ಗಾಡಿ ಬಿಚ್ಚಿ ಹರಡಿದ್ದರಿಂದ ಅವಳಿಗೆ ಪೂಜೆಗೆ ಏನೂ ಸಿಕ್ಕಿರಲಿಲ್ಲ. ಹೊಸ ಚೈನಾದರೂ ಇದೆಯಲ್ಲ ಎಂದು ಒಳಗೆ ಒಯ್ದಿದ್ದಳು.

ಹಿತ್ತಲಿಗೆ ಹೋಗಿ ನೋಡಿದೆ. ಬಟ್ಟೆ ಒಣಹಾಕುವ ತಂತಿಯ ಮೇಲೆ ನನ್ನ ಬನಿಯನ್ನು, ಅವ್ವನ ಸೀರೆ, ಅವೆರಡರ ನಡುವೆ ನನ್ನ ಚೈನು ಜೋತಾಡುತ್ತಿತ್ತು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ್ದಾಳೆ. ದೇವರ ಸಾಮಾನು ತಿಕ್ಕುವ ಹಾಗೆ ತಿಕ್ಕಿದ್ದಾಳೆ. ಕಂಪನಿಯವರು ಕೊಂಡಿ ಕೊಂಡಿಯೊಳಗೂ ತುಂಬಿ ಕಳಿಸಿದ್ದ ಗ್ರೀಸು ಹನಿಯಷ್ಟೂ ಉಳಿದಿಲ್ಲ. ಬಿಸಿಲಿಗೆ ಬೆಳ್ಳಿಯ ಉಡಿದಾರದಂತೆ ಫಳಫಳ ಹೊಳೆಯುತ್ತಿದೆ. ಸತ್ಯ ಹೇಳುತ್ತೇನೆ, ಅಷ್ಟು ಚಂದದ ಚೈನನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಸಿಟ್ಟು ಬರಬೇಕಾದ ಜಾಗದಲ್ಲಿ ಎರಡು ನಿಮಿಷ ಬಾಯಿ ಬಿಟ್ಟು ನೋಡುತ್ತ ನಿಂತೆ.

“ಅವ್ವಾ, ಏನ್ ಮಾಡೀದಿಬೇ ಇದು?”

“ಅಂಗಡ್ಯಾಂವ ನಿನಗ ಮೋಸ ಮಾಡ್ಯಾನ,” ಅಂದಳು ಅವ್ವ. “ಹೊಸಾದಂತ ಹೇಳಿ ಯಾರೋ ಹಾಕಿ ಬಿಟ್ಟದ್ದು ಕೊಟ್ಟಾನ. ಮೈತುಂಬ ಜಿಡ್ಡಿತ್ತು. ಮೂರು ನೀರು ಹಾಕಿ ತೊಳದೇನಿ. ಈಗ ನೋಡು ಹೆಂಗೈತಿ.”

ಆ ಜಿಡ್ಡು ಇದ್ದದ್ದೇ ಚೈನು ಸವೆಯದಿರಲಿ ಅಂತ, ಅದಿಲ್ಲದಿದ್ದರೆ ಚೈನು ಒಣಗಿ ಕಿರುಗುಡುತ್ತದೆ ಎಂದು ತಿಳಿಸಿ ಹೇಳಿದೆ. ಅವ್ವ ಒಂದು ಗಳಿಗೆ ಯೋಚಿಸಿದಳು. ಒಳಗೆ ಹೋಗಿ ಔಡಲೆಣ್ಣೆ ಬಟ್ಟಲು ತಂದಳು. ಕಾಲು ಚಾಚಿ ಕೂತು, ಚೈನನ್ನು ತೊಡೆಯ ಮೇಲೆ ಹಾಕಿಕೊಂಡು, ಕೂಸಿಗೆ ತಿಕ್ಕುವ ಹಾಗೆ ನೀವುತ್ತ ನೀವುತ್ತ ಎಣ್ಣೆ ಹಚ್ಚತೊಡಗಿದಳು.

“ಅವ್ವಾ, ಚೈನಿಗೆ ಔಡಲೆಣ್ಣಿ ನಡಿಯೂದಿಲ್ಲಬೇ. ಅದಕ್ಕ ಬ್ಯಾರೆ ಎಣ್ಣಿ ಬರ್ತೈತಿ.”

ಅವ್ವ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ನಿನಗೂ ಇದನ್ನ ಹಚ್ಚೇನಿ. ನಲವತ್ತೆಂಟು ವರ್ಷಾತು. ಎಲ್ಲೆರ ಕಿರ್ ಅಂದೀಯೇನು?”

೫. ಉಳಿದುಹೋದ ಬಳೆ

ಅವ್ವ ಒಳಗೆ ಹೋದ ಮೇಲೆ ಚೈನನ್ನು ಗೇರ್ ಎಣ್ಣೆಯಲ್ಲಿ ನೆನೆಹಾಕಿ ತೆಗೆದೆ. ಗಾಲಿ ಕೂರಿಸಿ ಚೈನು ಸುತ್ತಿದೆ. ಎರಡು ತುದಿ ಕೂಡಿಸಿ ಸಣ್ಣ ಲಾಕು ಹಾಕಿದರೆ ಮುಗಿಯಿತು. ಅದು ಉಗುರಿನಷ್ಟು ಸಣ್ಣದು. ನನ್ನ ಎಣ್ಣೆಗೈಗೆ ಅದು ಸಿಗುತ್ತಿಲ್ಲ, ಸಿಕ್ಕರೆ ಕೂರುತ್ತಿಲ್ಲ. ಮೂರು ಸಲ ಹಾರಿಹೋಗಿ ಓಣಿಯವರೆಲ್ಲ ಬಗ್ಗಿ ಹುಡುಕಿದರು.

ಆಗ ಹೆಂಡತಿ ಬಂದು ಪಕ್ಕದಲ್ಲಿ ಕೂತಳು. ಕೈ ಮುಂದೆ ಮಾಡಿದಳು. ಇಳಕಲ್ ಸೀರೆಯಲ್ಲಿ ಮೈಯ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಅಪ್ಪನ ಮನೆಯಲ್ಲಿ ಆ ಕೆಲಸ ಅವಳದೇ ಇತ್ತಂತೆ. ಎರಡು ತುದಿಗಳನ್ನು ಹತ್ತಿರ ತಂದಳು, ಲಾಕು ಇಟ್ಟಳು, ಹೆಬ್ಬೆರಳಿನಿಂದ ಒತ್ತಿದಳು. ಟಕ್ ಅಂತು. ಅವಳ ತಲೆ ನನ್ನ ಹೆಗಲಿಗೆ ತಾಗುವಷ್ಟು ಹತ್ತಿರವಿತ್ತು. ಎಂಟು ತಿಂಗಳಲ್ಲಿ ಅಷ್ಟು ಹತ್ತಿರ ಬಂದಿರಲಿಲ್ಲ. ಈ ಕೆಲಸ ಸಂಜೆಯ ತನಕ ಮುಗಿಯದಿದ್ದರೆ ಚಲೋ ಇತ್ತು ಅನ್ನಿಸಿತು.

ಅನ್ನಿಸಿದ್ದು ಖರೆಯೇ ಆಯಿತು. ಗೋಣಿಚೀಲದ ಮೇಲೆ ಒಂದು ದಪ್ಪ ಕಬ್ಬಿಣದ ಬಳೆ ಉಳಿದಿತ್ತು.

“ಇದು ಗಾಲಿ ಒಳಗಿಂದು,” ಅಂದರು ಡ್ರೈವರ್ ಕಾಕಾ. “ಇದನ್ನ ಬಿಟ್ಟು ಗಾಡಿ ಹೊಡದ್ರ ಗುಡೂರಿನ್ಯಾಗ ಗಾಲಿ ಮುಂದ ಹೋಕ್ಕೈತಿ, ನೀವಿಬ್ಬರು ಹಿಂದ ಉಳೀತೀರಿ. ಬಿಚ್ಚು.”

ಬಿಚ್ಚಿದೆ. ಗಾಲಿಯೊಳಗೆ ಎಲ್ಲ ಬಳೆಗಳೂ ಅವುಗಳ ಜಾಗದಲ್ಲೇ ಇದ್ದವು. ಮತ್ತೆ ಕೂರಿಸಿದೆ. ಬಳೆ ಗೋಣಿಚೀಲದ ಮೇಲೆಯೇ ಇತ್ತು. ಹಾಗಾದರೆ ಮುಂದಿನ ಚಕ್ರದ್ದು ಎಂದರು ಕಾಕಾ. ಅದನ್ನೂ ಬಿಚ್ಚಿದೆ. ಅವರು ಮತ್ತೆ ಬ್ರೇಕಿಗೆ ಕೂತು ಈ ಸಲ ಬಾಗಲಕೋಟೆಯಿಂದ ವಾಪಸು ಬಂದರು. ಅಲ್ಲೂ ಜಾಗವಿಲ್ಲ. ಮಧ್ಯಾಹ್ನ ಇಳಿಯಿತು. ಮೂರನೆಯ ಸಲ ಎಲ್ಲ ಜೋಡಿಸಿ, ಬಳೆಯನ್ನು ಕೈಯಲ್ಲಿ ಹಿಡಿದುಕೊಂಡು ನಾನು ಸುಮ್ಮನೆ ಕೂತೆ.

ಕಾಕಾ ಮನೆಗೆ ಹೊರಡಲು ಎದ್ದರು. ಊರುಗೋಲು ಊರಿದರು, ಅದು ಕಲ್ಲಿನ ಮೇಲೆ ಜಾರಿತು. ತಿರುಗಿಸಿ ತುದಿ ನೋಡಿದರು. ಅಲ್ಲಿದ್ದ ಕಬ್ಬಿಣದ ಬಳೆ ಇರಲಿಲ್ಲ. ಬರೀ ಕಟ್ಟಿಗೆ ಕಾಣುತ್ತಿತ್ತು. ನನ್ನ ಕೈ ನೋಡಿದರು. ಓಣಿಯೆಲ್ಲ ಅವರನ್ನೇ ನೋಡಿತು.

ಕಾಕಾ ಬಳೆ ಇಸಕೊಂಡು ಕೋಲಿಗೆ ಹಾಕಿ ಎರಡು ಸಲ ಕುಟ್ಟಿದರು. “ಈಗ ನೋಡು, ಗಾಡಿ ಬರೋಬರಿ ಆತು,” ಎಂದು ನಡೆದರು.

೬. ಹೂಂ

ಕುಬಸದ ದಿನ ಮುಂಜಾನೆ ಗಾಡಿ ಹೊರಗೆ ತೆಗೆದು ನಿಂತೆ. ಅವಳು ಬಾಗಿಲಿಗೆ ಬಂದಳು. ಅದೇ ಸೀರೆ ಉಟ್ಟಿದ್ದಳು, ಹರಿದದ್ದು ಎಲ್ಲಿ ಎಂದು ಹುಡುಕಿದರೂ ಸಿಗದಂತೆ ಕೂಡಿಸಿದ ಸೀರೆ. ಹೊಸ ಚೈನನ್ನು ಬಗ್ಗಿ ನೋಡಿದಳು, ಕವರನ್ನು ಅಲ್ಲಾಡಿಸಿ ನೋಡಿದಳು, ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿದಳು. ಹತ್ತಿ ಕೂತಳು. ಹೆಗಲ ಮೇಲೆ ಕೈ ಬಂತು.

ಇಳಕಲ್ಲು ದಾಟಿದೆವು. ರಸ್ತೆಯ ಬದಿಗೆ ಗ್ರಾನೈಟಿನ ಕೆಂಪು ಹಾಸುಗಲ್ಲುಗಳು ಇಬ್ಬನಿಗೆ ಒದ್ದೆಯಾಗಿ ನಿಂತಿದ್ದವು. ಜೋಳದ ಹೊಲದ ಮೇಲೆ ತೆಳ್ಳಗೆ ಮಂಜು. ಚೈನಿನ ಸದ್ದೇ ಇಲ್ಲ. ಗಾಡಿ ನೆಲ ಮುಟ್ಟದೆ ಹೋಗುತ್ತಿದೆಯೋ ಅನ್ನುವಷ್ಟು ಮೆತ್ತಗೆ ಸಾಗುತ್ತಿತ್ತು. ನಾನು ಸುಖವಾಗಿದ್ದೆ. ಬದುಕಿನಲ್ಲಿ ಇನ್ನೇನೂ ಬೇಡ ಅನ್ನುವಷ್ಟು ಸುಖವಾಗಿದ್ದೆ. ಮನಸ್ಸು ತನ್ನ ದಾರಿ ಹಿಡಿಯುವುದರಲ್ಲಿತ್ತು.

ಗುಡೂರು ದಾಟುವಾಗ ಹಿಂದಿನಿಂದ ದನಿ ಬಂತು. ಕಿವಿಯ ಹತ್ತಿರವೇ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸಿತು.

“ಏನ್ರಿ, ಅವತ್ತ ಇದ ದಾರ್ಯಾಗ ನೀವು ಅಂದದ್ದು ಖರೇನೇನು?”

“ಏನಂದೆ?”

“ನನ್ನ ಕಟಗೊಂಡು ನಿಮಗ ಬ್ಯಾಸರಾಗೇತೇನು ಅಂತ ಕೇಳಿದ್ನಿ. ನೀವು ಹೂಂ ಅಂದ್ರಿ.”

ನಾನು ಬ್ರೇಕು ಒತ್ತಿದೆ. ಗಾಡಿ ಬದಿಗೆ ನಿಲ್ಲಿಸಿ ಇಳಿದು ಅವಳ ಮುಖ ನೋಡಿದೆ. ಕಣ್ಣು ತುಂಬಿದ್ದವು.

“ನೀ ಇಷ್ಟ ದಿನ ಗಾಡಿ ಹತ್ತದ ಇದ್ದದ್ದು ಸೀರಿ ಸಲವಾಗಿ ಅಲ್ಲೇನು?”

“ಸೀರಿ ನಾ ಎರಡ ದಿನದಾಗ ಕೂಡಿಸೇನಿ. ಸೀರಿ ಹರದದ್ದಕ್ಕ ಯಾರರ ಎಂಟು ತಿಂಗಳು ಬಸ್ಸಿಗೆ ಅಡ್ಡಾಡ್ತಾರೇನ್ರಿ? ನೀವು ಹೂಂ ಅಂದ್ರಿ. ಅದನ್ನ ವಿಚಾರ ಮಾಡ್ತಾ ಕುಂತಿದ್ನಿ, ಸೆರಗು ಜಾರಿದ್ದೂ ಗೊತ್ತಾಗಲಿಲ್ಲ.”

ಎಂಟು ತಿಂಗಳು ಇದನ್ನು ಒಳಗಿಟ್ಟುಕೊಂಡು ನನಗೆ ರೊಟ್ಟಿ ಬಡಿದು ಹಾಕಿದ್ದಾಳೆ, ಅಂಗಳದಲ್ಲಿ ಕೂತು ಚೈನು ಕೂಡಿಸಿಕೊಟ್ಟಿದ್ದಾಳೆ. ನನಗೆ ನಾಚಿಕೆಯಾಯಿತು. ಸುಳ್ಳು ಹೇಳಬಹುದಿತ್ತು. ಯಾವ ಸುಳ್ಳೂ ಹೊಳೆಯಲಿಲ್ಲ, ಇದ್ದದ್ದನ್ನು ಹೇಳಿದೆ.

“ನೀ ಕೇಳಿದ್ದು ನನಗ ಕೇಳಿಸೇ ಇಲ್ಲ. ಚೈನಿನ ಸಪ್ಪಳ ಎಷ್ಟಿತ್ತು ನಿನಗ ಗೊತ್ತಿಲ್ಲೇನು? ಹಿಂದಿಂದ ನೀ ಏನರ ಅಂದಂಗ ಅನಿಸಿದ್ರ ನಾ ಹೂಂ ಅಂತಿದ್ನಿ. ಅಷ್ಟ.”

ಅವಳು ನನ್ನನ್ನೇ ನೋಡಿದಳು. ಆಮೇಲೆ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡು, ಮೈಲಿಗಲ್ಲಿನ ಮೇಲೆ ಕೂತು, ಕಣ್ಣೀರು ಒರೆಸಿಕೊಳ್ಳುತ್ತ ನಕ್ಕಳು. ನಾನೂ ನಕ್ಕೆ. ಬದುಕಿದೆ ಅಂದುಕೊಂಡೆ. ಅಷ್ಟರಲ್ಲಿ ಅವಳ ನಗು ತಟ್ಟನೆ ನಿಂತಿತು.

“ಚೈನ್ ಸಪ್ಪಳ ಶುರುವಾಗಿ ಮೂರ ವರ್ಷಾತಲ್ರಿ?”

“ಹೌದು.”

“ಅದಕ್ಕಿಂತ ಮೊದಲ?”

ನಾನು ಜೋಳದ ಹೊಲ ನೋಡಿದೆ. “ಅದಕ್ಕಿಂತ ಮೊದಲ ನಾ... ವಿಚಾರ ಮಾಡ್ತಿದ್ನಿ.”

“ಏನ್ ವಿಚಾರ?”

“ಈಗ ನೆನಪಿಲ್ಲ.”

ಅವಳು ಬೆರಳು ಮಡಚತೊಡಗಿದಳು. “ಮನಿ ಮ್ಯಾಲೆ ಒಂದ ಖೋಲಿ ಕಟ್ಟಸೂಣು ಅಂದ್ನಿ. ಹೂಂ ಅಂದ್ರಿ.”

“ಕೇಳಿಲ್ಲ.”

“ಬಾದಾಮಿ ಗುಡ್ಡದ ಮ್ಯಾಲೆ ಇಬ್ಬರ ಹೋಗಿ ಒಂದಿನ ಸುಮ್ಮನ ಕುಂತ ಬರೂಣು ಅಂದ್ನಿ. ಹೂಂ ಅಂದ್ರಿ.”

“ಅದೂ ಕೇಳಿಲ್ಲ.”

“ನನಗೊಂದು ಮಗ್ಗ ಹಾಕಿಸಿಕೊಡ್ರಿ, ಪಡಸಾಲ್ಯಾಗ ಜಾಗ ಐತಿ, ನಾ ನೇಯ್ತೇನಿ ಅಂದ್ನಿ. ಒಂದ ಸರ್ತಿ ಅಲ್ಲ, ಹತ್ತ ಸರ್ತಿ ಅಂದೇನಿ. ಹತ್ತೂ ಸರ್ತಿ ಹೂಂ ಅಂದ್ರಿ. ಇವತ್ತ ಹಾಕಸ್ತಾರು, ನಾಳೆ ಹಾಕಸ್ತಾರು ಅಂತ ಪಡಸಾಲಿ ಆ ಮೂಲಿ ಖಾಲಿ ಬಿಟ್ಟೇನಿ.”

ಆ ಮೂಲೆಯನ್ನು ಅವಳು ಯಾಕೆ ಯಾವಾಗಲೂ ಖಾಲಿ ಇಡುತ್ತಾಳೆ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. “ಮಗ್ಗ ಹಾಕಸೂಣು,” ಅಂದೆ. ದನಿ ಸಣ್ಣದಾಗಿತ್ತು. “ಇದು ಹೂಂ ಅಲ್ಲ. ಕೇಳಿಸಿಕೊಂಡು ಹೇಳಾಕತ್ತೇನಿ.”

ಅವಳು ಎದ್ದಳು. ಕಣ್ಣೊರೆಸಿಕೊಂಡಳು, ಸೆರಗನ್ನು ಮತ್ತೆ ಬಿಗಿದು ಸಿಕ್ಕಿಸಿ ಹಿಂದೆ ಕೂತಳು. ಮುಖ ಈಗ ಹಗುರಾಗಿತ್ತು.

“ನಡೀರಿ. ಚೈನ್ ಚಲೋ ಐತಿ, ಹಾದಿ ಇನ್ನೂ ಭಾಳ ಐತಿ. ಇಪ್ಪತ್ತ ವರ್ಷ ಹೇಳಿದ್ದೆಲ್ಲ ಮೊದಲಿಂದ ಮತ್ತ ಹೇಳ್ತೇನಿ. ಕೇಳ್ರಿ.”

ಕೇಳಿದೆ. ಒಂದು ಮಾತೂ ಬಿಡದೆ ಕೇಳಿದೆ. ಬಾದಾಮಿ ಬಂತು, ಹೋಯಿತು. ಕುಳಗೇರಿ ಕ್ರಾಸಿನಲ್ಲಿ ಗಾಡಿ ನಿಲ್ಲಿಸಿದಾಗ ಅವಳ ಮಾತು ಮದುವೆಯಾದ ವರ್ಷದ ನಾಗರಪಂಚಮಿಗೆ ಬಂದು ಮುಟ್ಟಿತ್ತು, ಅಷ್ಟೇ.